ಪರಿಸರಕ್ಕೆ ತೆರೆದುಕೊಂಡ ಕ್ಯೂಬಿಟ್: ಜ್ಯಾಮಿತೀಯ ಫೇಸ್ ಲೆಕ್ಕ ಹಾಕಿದ ನನ್ನ ಅನುಭವ

ಪರಿಸರದ ಕಾಟ ಇಲ್ಲದಿದ್ದರೆ ಈ ಲೆಕ್ಕ ಸಲೀಸು. ಕ್ಯೂಬಿಟ್ ಅಂದರೆ ಎರಡು ಮಟ್ಟದ ಕ್ವಾಂಟಂ ವ್ಯವಸ್ಥೆ, ಅದರ ಪ್ರತಿ ಶುದ್ಧ ಸ್ಥಿತಿಯೂ ಬ್ಲಾಕ್ ಗೋಳ ಅನ್ನುವ ಗೋಳದ ಮೇಲಿನ ಒಂದು ಬಿಂದು. ಆ ಗೋಳದ ಮೇಲೆ ಸ್ಥಿತಿ ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ, ಆ ದಾರಿ ಸುತ್ತುವರಿದ ಘನಕೋನದ ಅರ್ಧದಷ್ಟು ಫೇಸ್ (ಅಲೆಯ ಹಂತದ ಕೋನ) ಸಿಗುತ್ತದೆ. 1956ರಲ್ಲಿ ಪಂಚರತ್ನಂ ಬೆಳಕಿನ ಧ್ರುವೀಕರಣದಲ್ಲಿ ಕಂಡದ್ದು, 1984ರಲ್ಲಿ ಬೆರ್ರಿ ಕ್ವಾಂಟಂ ಸ್ಥಿತಿಗಳಿಗೆ ತೋರಿಸಿದ್ದು, ಎರಡರ ಹಿಂದೆಯೂ ಇದೇ ಜ್ಯಾಮಿತಿ. ಪರಿಸರ ಸೇರಿತೋ, ಸ್ಥಿತಿ ಶುದ್ಧವಾಗಿ ಉಳಿಯುವುದಿಲ್ಲ (ಹಲವು ಸ್ಥಿತಿಗಳ ಮಿಶ್ರಣವಾಗುತ್ತದೆ), ದಾರಿಯೂ ಮುಚ್ಚುವುದಿಲ್ಲ. ಆಗ ಯಾವುದರ ಫೇಸ್ ಅಂತ ಹೇಳೋದು?

ನಾನು ಹಿಡಿದದ್ದು 2004ರಲ್ಲಿ ಟಾಂಗ್ ಮತ್ತು ಸಂಗಡಿಗರು ಕೊಟ್ಟ ಸೂತ್ರ. ನೋಡೋಕೆ ಉದ್ದ, ಆದರೆ ಶುದ್ಧ ಸ್ಥಿತಿಯಿಂದ ಹೊರಟರೆ, ಮಿಶ್ರ ಸ್ಥಿತಿಯನ್ನೂ ವಿವರಿಸುವ ಡೆನ್ಸಿಟಿ ಮ್ಯಾಟ್ರಿಕ್ಸ್‌ನ ಒಂದೇ ಐಗನ್‌ವೆಕ್ಟರ್ ಹಿಂದೆ ಹೋದರೆ ಸಾಕು, ಐಗನ್‌ವ್ಯಾಲ್ಯೂ ದೊಡ್ಡದಿರುವುದು. ಕ್ವಾಂಟಂ ಲೆಕ್ಕದ ತಂತ್ರಾಂಶ ಕ್ಯೂಟಿಪ್‌ನಲ್ಲಿ ಪರಿಸರದ ಜೊತೆ ಸ್ಥಿತಿ ಹೇಗೆ ಬದಲಾಗುತ್ತದೆ ಅಂತ ಹೇಳುವ ಲಿಂಡ್‌ಬ್ಲಾಡ್ ಸಮೀಕರಣ ಓಡಿಸಿ, ಪ್ರತಿ ಹೆಜ್ಜೆಯಲ್ಲೂ ಅದನ್ನು ತೆಗೆದಿಟ್ಟುಕೊಂಡೆ.

ಇಲ್ಲೊಂದು ಸೂಕ್ಷ್ಮ ಇದೆ. ಕಂಪ್ಯೂಟರ್ ಪ್ರತಿ ಐಗನ್‌ವೆಕ್ಟರ್‌ಗೂ ತನಗೆ ತೋಚಿದ ಫೇಸ್ ಹಚ್ಚಿ ಕೊಡುತ್ತದೆ, ಹಾಗಾಗಿ ಡೆರಿವೇಟಿವ್ ತೆಗೆಯೋಕೆ ಹೋಗಲೇಬೇಡಿ. ಅಕ್ಕಪಕ್ಕದ ವೆಕ್ಟರ್‌ಗಳ ಒಳಗುಣಲಬ್ಧಗಳನ್ನೆಲ್ಲ ಗುಣಿಸುತ್ತಾ ಹೋಗಿ, ಕೊನೆಗೆ ಬಂದ ಸಂಖ್ಯೆಯ ಕೋನವನ್ನು ಮೊದಲ ಮತ್ತು ಕೊನೆಯ ವೆಕ್ಟರ್‌ಗಳ ಒಳಗುಣಲಬ್ಧದ ಕೋನದಿಂದ ಕಳೆಯಿರಿ. ಹಚ್ಚಿದ ಫೇಸ್‌ಗಳೆಲ್ಲ ತಾವಾಗಿಯೇ ಹೊಡೆದುಹೋಗುತ್ತವೆ.

ಡೀಫೇಸಿಂಗ್, ಅಂದರೆ ಶಕ್ತಿ ಕಳೆಯದೆ ಕೊಹೆರೆನ್ಸ್ (ಎರಡು ಮಟ್ಟಗಳ ನಡುವಿನ ಫೇಸ್ ನಂಟು) ಕರಗುವುದು, ಅದನ್ನು ಮಾತ್ರ ಇಟ್ಟು ನೋಡಿದಾಗ ನನಗೆ ಮಜಾ ಅನಿಸಿದ್ದು ಕೋನದ ಆಟ. ಧ್ರುವದಿಂದ 60 ಡಿಗ್ರಿಯಲ್ಲಿ ಶುರು ಮಾಡಿದರೆ ಪರಿಸರವಿಲ್ಲದ ಫೇಸ್ 90 ಡಿಗ್ರಿ. ಕೊಹೆರೆನ್ಸ್ ಕರಗುವ ದರ, ಸ್ಥಿತಿ ಧ್ರುವದ ಸುತ್ತ ತಿರುಗುವ ಕೋನವೇಗದ ನೂರರಲ್ಲಿ ಒಂದು ಪಾಲು ಇದ್ದರೆ, ಒಂದು ಸುತ್ತಿಗೆ ಫೇಸ್ ಸುಮಾರು 87.9ಕ್ಕೆ ಇಳಿಯುತ್ತದೆ. ಬ್ಲಾಕ್ ವೆಕ್ಟರ್ (ಗೋಳದ ಕೇಂದ್ರದಿಂದ ಸ್ಥಿತಿಯತ್ತ ಎಳೆದ ಬಾಣ) ಗಿಡ್ಡವಾಗುವುದರ ಜೊತೆಗೆ ಧ್ರುವದ ಕಡೆಗೂ ವಾಲುತ್ತದಲ್ವಾ, ಫೇಸ್ ಕೆಡಿಸುವುದು ಆ ವಾಲಾಟ. ಗದ್ದಲ, ಅಂದರೆ ಪರಿಸರದ ಕಾಟ, ಕಮ್ಮಿ ಇರುವಾಗ ಪೆಟ್ಟು ಜಾಸ್ತಿ ಬೀಳುವುದು 55 ಡಿಗ್ರಿಯ ಆಸುಪಾಸಿನಲ್ಲಿ. ಸಮಭಾಜಕದ ಮೇಲೆ ವೆಕ್ಟರ್ ಸುಮ್ನೆ ಗಿಡ್ಡವಾಗುತ್ತದೆ ಅಷ್ಟೇ, ಫೇಸ್ 180ರಿಂದ ಕದಲುವುದಿಲ್ಲ.

ಇಷ್ಟಕ್ಕೇ ಜ್ಯಾಮಿತೀಯ ಫೇಸ್ ಗದ್ದಲಕ್ಕೆ ಜಗ್ಗಲ್ಲ ಅಂತ ಬರೆಯುವವರಿದ್ದಾರೆ, ನನಗೆ ಅದು ಅವಸರದ ಮಾತು. ಅದೇ ಸಮಭಾಜಕದಲ್ಲಿ ಸುತ್ತು ಮುಗಿಯುವ ಹೊತ್ತಿಗೆ ವೆಕ್ಟರ್ ಉದ್ದ 1ರಿಂದ 0.94ಕ್ಕೆ ಬಂದಿರುತ್ತದೆ, ಸುತ್ತು ಹೆಚ್ಚಿದಷ್ಟೂ ಇನ್ನೂ ಕುಗ್ಗುತ್ತದೆ, ಅಳೆಯುವವರಿಗೆ ಸಿಗ್ನಲ್ ಅಷ್ಟು ಮಂಕು. ಡೀಫೇಸಿಂಗ್ ಬದಲು ಕ್ಯೂಬಿಟ್ ಶಕ್ತಿ ಕಳೆದುಕೊಳ್ಳುವ ಮಾದರಿ ಹಾಕಿದರೆ ಸಮಭಾಜಕದ ಆ ರಕ್ಷಣೆಯೂ ಇಲ್ಲ, ವೆಕ್ಟರ್ ಮೊದಲ ಕ್ಷಣದಿಂದಲೇ ತಳಮಟ್ಟದ ಧ್ರುವದತ್ತ ವಾಲತೊಡಗುತ್ತದೆ.