ತೂಕ ಇಳಿಯಲು ಎಷ್ಟು ವಾರ? ಲೆಕ್ಕ ಹೀಗೆ ಹಾಕಿ

ಬೇಕಲ ಕಡಲ ತೀರದಲ್ಲಿ, ವಿದ್ಯಾನಗರದ ಸ್ಟೇಡಿಯಂನಲ್ಲಿ ಓಡಲು ಶುರು ಮಾಡಿದವರು ಎರಡೇ ವಾರಕ್ಕೆ ಬೇಜಾರಾಗಿ ಬಿಡಬೇಡಿ. ಮೊದಲೇ ಒಂದು ಲೆಕ್ಕ ಹಾಕಿಟ್ಟುಕೊಳ್ಳಿ.

ಒಂದು ಕಿಲೋ ಕೊಬ್ಬು ಅಂದ್ರೆ ಸುಮಾರು 7,700 ಕ್ಯಾಲೊರಿ. ಒಂದು ಕಿಲೋಮೀಟರ್ ಓಡಿದರೆ ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ಹೆಚ್ಚುಕಡಿಮೆ ಅಷ್ಟೇ ಕ್ಯಾಲೊರಿ ಖರ್ಚು. 75 ಕಿಲೋದವರು ವಾರಕ್ಕೆ ನಾಲ್ಕು ದಿನ 5 ಕಿಲೋಮೀಟರ್ ಓಡಿದರೆ 1,500. ಊಟದಲ್ಲಿ ದಿನಕ್ಕೆ 300 ಕಡಿಮೆ ಮಾಡಿದರೆ ವಾರಕ್ಕೆ 2,100. ಒಟ್ಟು 3,600, ಅಂದ್ರೆ ವಾರಕ್ಕೆ ಅರ್ಧ ಕಿಲೋಗೂ ಸ್ವಲ್ಪ ಕಡಿಮೆ. 6 ಕಿಲೋ ಇಳಿಯಲು 13 ವಾರ ಬೇಕು. ತೂಕ ಇಳಿದ ಹಾಗೆ ಖರ್ಚೂ ಇಳಿಯುತ್ತದೆ, ಹಾಗಾಗಿ ಇನ್ನೆರಡು ವಾರ ಜಾಸ್ತಿಯೇ ಇಟ್ಟುಕೊಳ್ಳಿ.

ನೋಡಿ, ಊಟದ ಪಾಲೇ ದೊಡ್ಡದು ಅಲ್ವಾ? ಓಡಿ ಬಂದು ಹೋಟೆಲಿನಲ್ಲಿ ಎರಡು ಬನ್ಸ್, ಸಕ್ಕರೆ ಚಹಾ ಆದರೆ ಕರಗಿಸಿದ್ದೆಲ್ಲ ವಾಪಸ್. ಕುಚ್ಚಲಕ್ಕಿ ಅನ್ನ ಬಿಡಬೇಕಾಗಿಲ್ಲ, ಒಂದು ಸೌಟು ಕಡಿಮೆ ಬಡಿಸಿಕೊಳ್ಳಿ, ಪಲ್ಯ ಜಾಸ್ತಿ ಹಾಕಿಸಿಕೊಳ್ಳಿ.

ಮೊದಲ ವಾರ ಸರ್ರನೆ ಇಳಿಯುವುದು ಹೆಚ್ಚಾಗಿ ನೀರಿನ ತೂಕ. ದಿನಾ ತೂಕ ನೋಡಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೋಡಿದರೆ ಸಾಕು. ಸಕ್ಕರೆ ಕಾಯಿಲೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರು ದಯವಿಟ್ಟು ಮೊದಲು ಡಾಕ್ಟರನ್ನು ಕೇಳಿ.