ವಂಡರ್‌ಲಾದಲ್ಲಿ ಕ್ಯೂ ತಪ್ಪಿಸಲು ನಾನು ಹಾಕುವ ಲೆಕ್ಕ

ಬಿಡದಿ ಬಳಿಯ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗುವಾಗ ನಾನು ಮೊದಲು ನೋಡುವುದು ಶಾಲೆಗಳ ಕ್ಯಾಲೆಂಡರ್. ವಾರದ ದಿನ ಅಂದರೆ ಖಾಲಿ ಇರುತ್ತದೆ ಎಂಬ ನಂಬಿಕೆ ಡಿಸೆಂಬರ್‌ನಲ್ಲಿ ಕೈಕೊಡುತ್ತದೆ. ಅದು ಶಾಲಾ ಪ್ರವಾಸದ ತಿಂಗಳು, ಬುಧವಾರವೂ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ದಸರಾ ರಜೆ, ಏಪ್ರಿಲ್-ಮೇ ಕೂಡ ಬೇಡ. ಶಾಲೆ ಶುರುವಾದ ಮೇಲೆ ಜೂನ್, ಜುಲೈನ ಮಂಗಳವಾರದಿಂದ ಗುರುವಾರ ನನ್ನ ಆಯ್ಕೆ. ಮಳೆ ಬಂದರೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ ನಿಜ. ಆದರೆ ಆಗ ಜನ ಚದುರಿಹೋಗುತ್ತಾರೆ. ಹತ್ತಿರದಲ್ಲೇ ಎಲ್ಲಾದರೂ ನಿಂತಿದ್ದರೆ ಮತ್ತೆ ಶುರುವಾದಾಗ ಮೊದಲ ಸುತ್ತಿಗೇ ಸೀಟು.

ಟಿಕೆಟ್ ಆನ್‌ಲೈನ್‌ನಲ್ಲೇ ತೆಗೆದುಕೊಳ್ಳಿ. ಬಾಗಿಲು ತೆರೆಯುವುದು ಸಾಮಾನ್ಯವಾಗಿ 11ಕ್ಕೆ, 10.30ಕ್ಕೇ ಗೇಟಿನಲ್ಲಿರಬೇಕು. ಕಾರಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್‌ವೇ ಹತ್ತದೆ ಸರ್ವಿಸ್ ರಸ್ತೆ ಹಿಡಿಯಿರಿ. ಬೆಳಗಿನ ತಿಂಡಿ ಬಿಡದಿಯ ತಟ್ಟೆ ಇಡ್ಲಿ. ಮಧ್ಯಾಹ್ನದ ಊಟ ತಡವಾಗಲಿರುವುದರಿಂದ ಇದು ಗಟ್ಟಿಯಾಗಿಯೇ ಇರಲಿ.

ಒಳಗೆ ಹೋದ ತಕ್ಷಣ ರಿಕಾಯ್ಲ್. ಅದು ಮುಂದೆ ಹೋಗಿ ಅದೇ ಹಳಿಯ ಮೇಲೆ ಹಿಂದಕ್ಕೆ ಬರುವ ರೋಲರ್ ಕೋಸ್ಟರ್. ಹಾಗಾಗಿ ಒಂದು ರೈಲು ವಾಪಸ್ ಬಂದು ನಿಂತು, ಜನ ಇಳಿದು, ಹೊಸಬರು ಹತ್ತಿ, ಬೆಲ್ಟು-ಬಾರ್ ತಪಾಸಣೆ ಮುಗಿಯುವ ತನಕ ಕ್ಯೂ ಒಂದಿಂಚೂ ಕದಲುವುದಿಲ್ಲ. ಇಂಥ ರೈಡ್‌ಗಳಿಗೆ ಬೆಳಗಿನ ಮೊದಲ ಗಂಟೆ ಮೀಸಲು. ಇದಕ್ಕೆ ತದ್ವಿರುದ್ಧ ಅಲೆ ಏಳುವ ವೇವ್ ಪೂಲ್, ಟ್ಯೂಬಿನಲ್ಲಿ ನಿಧಾನವಾಗಿ ತೇಲುವ ಲೇಜಿ ರಿವರ್: ಎಷ್ಟು ಜನ ಬಂದರೂ ನುಂಗಿಕೊಳ್ಳುತ್ತವೆ. ಅವನ್ನು ಬೆಳಿಗ್ಗೆ ಮುಟ್ಟುವುದೇ ದಂಡ.

ಕ್ಯೂ ಸೇರುವ ಮುನ್ನ ಮೊಬೈಲ್‌ನ ಸ್ಟಾಪ್‌ವಾಚ್ ಒತ್ತಿ ಒಂದು ಸುತ್ತು ನೋಡುತ್ತೇನೆ. ಒಮ್ಮೆ ಹೊರಟಾಗಿನಿಂದ ಮತ್ತೆ ಹೊರಡುವವರೆಗೆ 4 ನಿಮಿಷ, ಸೀಟು 24 ಅಂದುಕೊಳ್ಳಿ: ಗಂಟೆಗೆ 360 ಜನ. ಕಂಬಿಯ ಒಂದು ಸಾಲಿನಲ್ಲಿ 30 ಜನ ನಿಂತಿದ್ದು ಅಂಥ ನಾಲ್ಕು ಸಾಲು ತುಂಬಿದ್ದರೆ 120 ಜನ, ಅಂದರೆ 20 ನಿಮಿಷ. ಖಾಲಿ ಸೀಟು ಬಿಟ್ಟು ಓಡಿಸುತ್ತಿದ್ದರೆ ಇನ್ನೂ ಐದು ನಿಮಿಷ ಸೇರಿಸಿ. ‘ಒಬ್ಬರು ಯಾರಾದ್ರೂ ಬನ್ನಿ’ ಎಂದು ಸಿಬ್ಬಂದಿ ಕೂಗಿದಾಗ ಕೈ ಎತ್ತುವವರು ಗುಂಪಿನಲ್ಲಿದ್ದರೆ ಅವರಿಗೆ ಒಂದೆರಡು ಸುತ್ತು ಲಾಭ.

ಜನ 1ರಿಂದ 2.30ರವರೆಗೆ ಊಟಕ್ಕೆ ಸಾಲುಗಟ್ಟುತ್ತಾರೆ. ಆಗ ನಾನು ನೀರಿನಲ್ಲಿರುತ್ತೇನೆ, ಅದೂ ಮೊದಲು ಜಾರುಬಂಡೆಗಳಲ್ಲಿ. ಮೊದಲು ಹೋದ ಟ್ಯೂಬ್ ಕೆಳಗಿಳಿದು ದಾರಿ ತೆರವಾಗುವ ತನಕ ಇನ್ನೊಂದನ್ನು ಬಿಡುವುದಿಲ್ಲವಾದ್ದರಿಂದ ನೀರಿನ ಭಾಗದಲ್ಲಿ ನಿಜವಾದ ಕ್ಯೂ ಇರುವುದು ಅಲ್ಲೇ. ವೇವ್ ಪೂಲ್, ಕೃತಕ ಮಳೆಯಲ್ಲಿ ಕುಣಿಯುವ ರೇನ್ ಡಿಸ್ಕೊ ಆಮೇಲೆ.

ಇಡೀ ಪ್ಲಾನ್ ಕೆಡುವುದು ಸಾಮಾನ್ಯವಾಗಿ ಬಟ್ಟೆಯಿಂದ. ನೀರಿಗೆ ಇಳಿಯಲು ನೈಲಾನ್ ಅಥವಾ ಸಿಂಥೆಟಿಕ್ ಬಟ್ಟೆಯೇ ಆಗಬೇಕು. ಕಾಟನ್ ಟೀ ಶರ್ಟ್ ತಂದವರು ಅಂಗಡಿಯ ಮುಂದೆ ಇನ್ನೊಂದು ಕ್ಯೂ ನಿಲ್ಲುತ್ತಾರೆ. ಲಾಕರ್, ಬಟ್ಟೆ ಬದಲಾವಣೆ ಸೇರಿ ಪ್ರತಿಸಲ ಅರ್ಧ ಗಂಟೆ ಹೋಗುತ್ತದೆ. ಆದ್ದರಿಂದ ನೀರಿಗೆ ದಿನಕ್ಕೆ ಒಂದೇ ಬಾರಿ ಇಳಿಯುವುದು, ಮೂರರ ಸುಮಾರಿಗೆ ಮೈ ಒರೆಸಿಕೊಂಡು ಊಟ. ಊಟವಾದ ಮೇಲೆ ಮುಕ್ಕಾಲು ಗಂಟೆ ಮ್ಯಾವರಿಕ್, ಹರಿಕೇನ್‌ನಂಥ ತಲೆ ತಿರುಗಿಸುವ ರೈಡ್‌ಗಳ ಕಡೆ ಸುಳಿಯಬೇಡಿ. ಕಾರಣ ವಿವರಿಸಬೇಕಾಗಿಲ್ಲ.

ಸಾಮಾನ್ಯ ಕ್ಯೂ ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್‌ಗೆ ಹೆಚ್ಚು ಹಣ ಕೊಡುವುದು ಶನಿವಾರ, ಭಾನುವಾರ ಅಥವಾ ಹಬ್ಬದ ರಜೆಯಲ್ಲಿ ಮಾತ್ರ ಸಾರ್ಥಕ. ಜುಲೈನ ಬುಧವಾರಕ್ಕೆ ಅದು ಶುದ್ಧ ದುಂದು.

ಸಂಜೆ ಜನ ನೀರಿನಿಂದೆದ್ದು ಬಟ್ಟೆ ಬದಲಿಸುವ ಹೊತ್ತಿಗೆ ಒಣ ರೈಡ್‌ಗಳ ಸಾಲು ಸಣ್ಣದಾಗುತ್ತದೆ. ಬೆಳಿಗ್ಗೆ ಬಿಟ್ಟದ್ದನ್ನೆಲ್ಲ ಆಗ ಮುಗಿಸಬಹುದು. ಮಕ್ಕಳಿದ್ದರೆ ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಚಪ್ಪಲಿ ಇಲ್ಲದೆ ಎತ್ತರ ಅಳೆದುಕೊಂಡು ಬನ್ನಿ. ದೊಡ್ಡ ರೈಡ್‌ಗಳಿಗೆ 140 ಸೆಂ.ಮೀ. ಬೇಕಾಗುತ್ತದೆ, ಅರ್ಧ ಗಂಟೆ ನಿಂತ ಮೇಲೆ ಮಗುವನ್ನು ಅಳತೆ ಕೋಲಿನ ಹತ್ತಿರ ವಾಪಸ್ ಕಳಿಸಿದರೆ ಜೊತೆಗಿದ್ದ ದೊಡ್ಡವರೊಬ್ಬರೂ ಸಾಲು ಬಿಟ್ಟು ಬರಬೇಕಾಗುತ್ತದೆ.