ಹೋಳಿಗೆ ಬರುವಾಗ ಎರಡನೇ ಗುಳಿಗೆ

ಮದುವೆ ಊಟಕ್ಕೆ ಕೂತರೆ ನನಗೊಂದು ಲೆಕ್ಕ ಇರುತ್ತದೆ. ಬಾಳೆಲೆಗೆ ಅನ್ನ ಬಿದ್ದು ಮೊದಲ ತುತ್ತು ಬಾಯಿಗೆ ಹೋಗುವಾಗ ಊಟ ಕರಗಿಸುವ ಒಂದು ಗುಳಿಗೆ. ಹೋಳಿಗೆ, ತುಪ್ಪ ಬರುವಾಗ ಇನ್ನೊಂದು. ಬಡಿಸುವವರು ನಿಧಾನ ಇದ್ದರೆ ಮೂರನೆಯದೂ ಜೇಬಲ್ಲಿ ತಯಾರು. ಇಷ್ಟು ಕಲಿಯಲು ಒಂದು ವರ್ಷ ಹಿಡಿಯಿತು.

ತೊಂದರೆ ಮೊದಲು ಕಂಡದ್ದು ಕಕ್ಕಸಿನಲ್ಲಿ. ಮಲ ಬಿಳಿಚಿಕೊಂಡು, ಜಿಡ್ಡಾಗಿ, ನೀರಿನ ಮೇಲೆ ತೇಲುತ್ತಿತ್ತು. ಎರಡು ಬಕೆಟ್ ನೀರು ಹೊಯ್ದರೂ ಹೋಗುತ್ತಿರಲಿಲ್ಲ. ವಾಸನೆ ಬೇರೆ. ಇಂಥದ್ದನ್ನು ಯಾರ ಹತ್ತಿರ ಹೇಳುವುದು? ಗ್ಯಾಸು, ಅಮೀಬಾ, ಗ್ರಹಣಿ ಅಂತ ಒಬ್ಬೊಬ್ಬರು ಒಂದೊಂದು ಹೆಸರಿಟ್ಟರು. ಅಷ್ಟರಲ್ಲಿ ತೂಕ 63 ಕಿಲೋದಿಂದ 52ಕ್ಕೆ ಇಳಿದಿತ್ತು. ಶಿರಸಿಯಿಂದ ಘಟ್ಟ ಇಳಿದು ಮಣಿಪಾಲಕ್ಕೆ ಹೋದೆ. ಸ್ಕ್ಯಾನ್ ಮಾಡಿದರೆ ಮೇದೋಜೀರಕ ಗ್ರಂಥಿಯಲ್ಲಿ, ಅಂದರೆ ಪ್ಯಾಂಕ್ರಿಯಾಸ್‌ನಲ್ಲಿ, ಕಲ್ಲು. ಇಲಾಸ್ಟೇಸ್ ಅಂದರೆ ಆ ಗ್ರಂಥಿ ಕೊಡುವ ಒಂದು ಕಿಣ್ವ. ಮಲದಲ್ಲಿ ಅದರ ಪರೀಕ್ಷೆ ಮಾಡಿದರೆ 200ಕ್ಕಿಂತ ಮೇಲೆ ಬರಬೇಕು, ನನ್ನದು 40ರ ಆಸುಪಾಸು. ಊಟ ಕರಗಿಸುವ ಕಿಣ್ವಗಳು ಕರುಳಿಗೆ ಸಾಕಷ್ಟು ಇಳಿಯುತ್ತಲೇ ಇರಲಿಲ್ಲ. ತಿಂದ ತುಪ್ಪ, ಎಣ್ಣೆಯೆಲ್ಲ ಹಾಗೇ ಹೊರಗೆ.

ಪ್ಯಾಂಕ್ರಿಯಾಸ್ ಅಂದ ಕೂಡಲೇ, ಗುಟ್ಟಾಗಿ ಕುಡಿಯುತ್ತಿದ್ದ ಅಂದವರೂ ಇದ್ದಾರೆ. ಕುಡಿತ ದೊಡ್ಡ ಕಾರಣ ಹೌದು. ಆದರೆ ಒಂದು ತೊಟ್ಟೂ ಮುಟ್ಟದವರಿಗೆ ಬರುವ ಕಲ್ಲಿನ ಪ್ಯಾಂಕ್ರಿಯಾಟೈಟಿಸ್ (ಈ ಗ್ರಂಥಿಯ ಉರಿಯೂತ) ನಮ್ಮ ದಕ್ಷಿಣ ಭಾರತದಲ್ಲಿ ಹೊಸದೇನಲ್ಲ. ಎಷ್ಟು ಜನಕ್ಕೆ ವಿವರಿಸುವುದು, ಬಿಟ್ಟೆ.

ಔಷಧ ಅಂದರೆ ಆ ಕಿಣ್ವಗಳನ್ನೇ ತುಂಬಿದ ಪ್ಯಾಂಕ್ರಿಯಾಟಿನ್ ಗುಳಿಗೆ. ಹಂದಿಯ ಗ್ರಂಥಿಯಿಂದ ತೆಗೆದದ್ದು ಅಂತ ಡಾಕ್ಟರು ಮೊದಲೇ ಹೇಳಿದರು. ಮೊಟ್ಟೆಯನ್ನೂ ತಿನ್ನದ ಮನೆ ನಮ್ಮದು. ಎರಡು ದಿನ ಯೋಚಿಸಿದೆ, ತೆಗೆದುಕೊಂಡೆ. ಆಯಿಗೆ ಹೇಳಿದ್ದು ತಿಂಗಳ ಮೇಲೆ. ಅವಳು ಏನೂ ಅನ್ನಲಿಲ್ಲ. ಡಬ್ಬಿಯನ್ನು ದೇವರ ಕೋಣೆಯ ಗೂಡಿನಿಂದ ಎತ್ತಿ ಜಗಲಿಯ ಕಪಾಟಿಗೆ ಇಟ್ಟಳು, ಅಷ್ಟೇ.

ಎಡವಿದ್ದು ಬೇರೆ ಕಡೆ. ಔಷಧ ಅಂಗಡಿಯವರು ಕವರಿನ ಮೇಲೆ 'ಊಟದ ನಂತರ' ಅಂತ ಬರೆದುಕೊಟ್ಟಿದ್ದರು. ನಾನೂ ಕೈ ತೊಳೆದು, ಎಲೆಯಡಿಕೆ ಹಾಕುವ ಮೊದಲು ನುಂಗುತ್ತಿದ್ದೆ. ಎರಡು ತಿಂಗಳಾದರೂ ಮಲ ತೇಲುವುದು ನಿಲ್ಲಲಿಲ್ಲ. ಮತ್ತೆ ಹೋದಾಗ ಡಾಕ್ಟರು ಕೇಳಿದ್ದು ಒಂದೇ: ಯಾವಾಗ ತೆಗೆದುಕೊಳ್ತೀರಿ? ಆಮೇಲೆ ತಿಳಿಯಿತು, ಇದು ನೋವಿನ ಮಾತ್ರೆಯ ಹಾಗಲ್ಲ. ರಕ್ತಕ್ಕೆ ಸೇರಿ ಕೆಲಸ ಮಾಡುವುದಿಲ್ಲ, ಅನ್ನದ ಜೊತೆಗೇ ಬೆರೆಯಬೇಕು. ಗುಳಿಗೆಯೊಳಗೆ ಸಣ್ಣ ಸಣ್ಣ ಕಾಳುಗಳಿವೆ. ಹೊಟ್ಟೆಯ ಆಮ್ಲಕ್ಕೆ ಕರಗದ ಹಾಗೆ ಅವಕ್ಕೊಂದು ಲೇಪ, ಕರುಳಿಗೆ ಹೋದ ಮೇಲೆ ಬಿಚ್ಚಿಕೊಳ್ಳುತ್ತವೆ. ಅದಕ್ಕೇ ಜಗಿಯಬಾರದು. ಊಟ ಮುಂದೆ ಹೋಗಿ ಗುಳಿಗೆ ಹಿಂದೆ ಬಂದರೆ ಸುಮ್ನೆ ದಂಡ. ಕಡಿಮೆ ದುಡ್ಡಿನದೂ ಅಲ್ಲ.

ಈಗ ನನಗೆ 25,000 ಯುನಿಟ್ಟಿನದು ಊಟಕ್ಕೆ ಎರಡು, ತಿಂಡಿಗೆ ಒಂದು. ನನ್ನ ಡಾಕ್ಟರು ನನಗೆ ಹಾಕಿಕೊಟ್ಟ ಲೆಕ್ಕ ಅದು. ನಿಮ್ಮದು ಬೇರೆ ಇರಬಹುದು. ಬೆಲ್ಲದ ಕಷಾಯಕ್ಕೆ ಹಾಲು ಚೂರೇ ಹಾಕಿದರೆ ಬೇಡ, ಜೊತೆಗೆ ಒಂದು ತೆಳ್ಳೇವು (ತೆಳು ದೋಸೆ) ತಿಂದರೂ ಬೇಕು. ನುಂಗುವುದು ಮಾತ್ರ ತಣ್ಣೀರಲ್ಲಿ. ಬಿಸಿ ಕಷಾಯದಲ್ಲಿ ನುಂಗಿದರೆ ಕಿಣ್ವ ಹಾಳು. ಸೆಕೆಯೂ ಅದಕ್ಕೆ ಆಗುವುದಿಲ್ಲ. ಏಪ್ರಿಲ್ಲಿನಲ್ಲಿ ಅಂಕೋಲೆಗೆ ಹೋದಾಗ ಸ್ಕೂಟರ್ ಡಿಕ್ಕಿಯಲ್ಲಿ ಇಡೀ ದಿನ ಬಿಟ್ಟ ಡಬ್ಬಿಯನ್ನು ಎಸೆಯಬೇಕಾಯಿತು.

ಇನ್ನೊಂದು ತಪ್ಪು ನನ್ನದೇ. ಹೆದರಿ ತುಪ್ಪ, ಕಾಯಿ ಎಲ್ಲ ಬಿಟ್ಟು ಬರೀ ಗಂಜಿ ಕುಡಿಯುತ್ತಿದ್ದೆ. ಡಯಟಿಷಿಯನ್ ಬೈದರು. ಜಿಡ್ಡು ಬಿಟ್ಟರೆ ತೂಕ ಎಲ್ಲಿಂದ ಬರಬೇಕು? ಜಿಡ್ಡು ತಿನ್ನಿ, ಅದಕ್ಕೆ ತಕ್ಕ ಗುಳಿಗೆ ಹಾಕಿ ಅಂದರು. ವಿಟಮಿನ್ ಡಿ ತೀರಾ ಕಡಿಮೆ ಇತ್ತು, ಅದನ್ನೂ ತುಂಬಿಸಬೇಕಾಯಿತು. ಈ ಗ್ರಂಥಿಯೇ ಇನ್ಸುಲಿನ್ ಕೊಡುವುದಲ್ವಾ, ಹಾಗಾಗಿ ಸಕ್ಕರೆಯನ್ನೂ ಆಗಾಗ ನೋಡಿಸುತ್ತೇನೆ.

ತೂಕ ಈಗ 59. ಹೋದ ತಿಂಗಳು ಕುಮಟೆಯ ಮದುವೆಯಲ್ಲಿ ಮೂರನೇ ಸಲ ಹೋಳಿಗೆ ಬಂತು. ಜೇಬು ತಡಕಿದರೆ ಗುಳಿಗೆ ಮುಗಿದಿತ್ತು. ಪಕ್ಕದಲ್ಲಿ ಕೂತ ಭಾವ, 'ಒಂದು ಹೋಳಿಗೆಗೆ ಎಂತ ಆಗ್ತದೆ ಮಾರಾಯ' ಅಂದ. ತುಪ್ಪ ಹಾಕಿಸಿಕೊಂಡೇ ತಿಂದೆ. ಮರುದಿನ ಬೆಳಿಗ್ಗೆ ಎರಡು ಬಕೆಟ್ ನೀರು.